ಮತ್ತೆ ನೀಲಿಯಾಯ್ತು!

"ಯಾರ್ರೀ ಅದು, ಬಾಗಿಲು ಮುರಿಯೋ ಹಾಗೆ ಬಡೀತಿರೋದು? ಬೆಲ್ ಕಾಣಲ್ವಾ?"

"ಬೆಲ್ ಕೆಟ್ಟಿದೆ ಮೇಡಂ. ನಾನು ಕಂಪ್ಯೂಟರ್ ರಿಪೇರಿಯವನು. ಬೇಕಿದ್ರೆ ಅದನ್ನೂ ನೋಡ್ತೀನಿ."

ನಗು ಬರಬೇಕಿದ್ದ ಹೊತ್ತಿಗೆ ಗುಬ್ಬಿಗೆ ಅಳು ಬಂತು!

ಗುಬ್ಬಿ ಎನ್ನುವುದು ಅಪ್ಪ ಮುದ್ದಿನಿಂದ ಇಟ್ಟ ಹೆಸರು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕೆಲಸ. ಬೆಳಗಿನಿಂದ ಕೂತು ಬರೆದ ಆನೆಮರಿಯ ಕಿವಿಗೆ ಬಣ್ಣ ತುಂಬುತ್ತಿದ್ದಾಗ ಪರದೆಯೆಲ್ಲ ನೀಲಿಯಾಗಿ, ಕಂಪ್ಯೂಟರ್ ತಾನಾಗಿಯೇ ನಿಂತು ಮತ್ತೆ ಶುರುವಾಗಿತ್ತು. ವಾರದಿಂದ ಇದೇ ಗೋಳು.

"ಅಳ್ಬೇಡಿ... ಆನೆ ಎಲ್ಲಿಗೆ ಹೋಗುತ್ತೆ? ಹುಡುಕ್ತೀನಿ," ಎಂದ ಅವನು.

ಹುಡುಕಿಯೂ ಕೊಟ್ಟ. ಒಂದು ಕಿವಿ ಮಾತ್ರ ಇರಲಿಲ್ಲ!

ಆಮೇಲೆ ಏನೇನೋ ಪರೀಕ್ಷೆ ಮಾಡಿ, ಡಬ್ಬ ಬಿಚ್ಚಿ, ಒಳಗಿನ ಬೆರಳುದ್ದದ ಎರಡು ಮೆಮೊರಿ ಪಟ್ಟಿಗಳಲ್ಲಿ ಒಂದು ಕೆಟ್ಟಿದೆ, ಪರದೆ ನೀಲಿಯಾಗುವುದು ಅದರಿಂದಲೇ, ಅದನ್ನು ತೆಗೆದಿದ್ದೇನೆ, ಸ್ವಲ್ಪ ನಿಧಾನವಾದರೂ ಕೈ ಕೊಡುವುದಿಲ್ಲ ಎಂದೆಲ್ಲ ಹೇಳಿದ. ಅದರಲ್ಲಿ ಅರ್ಧ ಅವಳ ಕಿವಿಗೆ ಬಿತ್ತು. ಇನ್ನರ್ಧ ಅವನ ಬೆರಳುಗಳನ್ನು ನೋಡುವುದರಲ್ಲೇ ಹೋಯಿತು. ತೆಗೆದ ಸಾಮಾನನ್ನು ಮನೆಯವರ ಮೇಜಿನ ಮೇಲೆಯೇ ಇಟ್ಟು ಹೋಗುವುದು ಅವನ ಪದ್ಧತಿ. ಹಾಗೇ ಇಟ್ಟು ಹೊರಟ.

ಕೆಲವೇ ದಿನ. ಮತ್ತೆ ನೀಲಿ!

ಅವನು ಬಂದ. ಡಬ್ಬ ಬಿಚ್ಚಿದ. ಒಳಗೆ ನೋಡಿ ತನ್ನಷ್ಟಕ್ಕೆ ನಕ್ಕ.

"ಯಾಕ್ರೀ ನಗ್ತೀರಾ?"

"ಏನಿಲ್ಲ ಮೇಡಂ... ಸರಿಹೋಯ್ತು."

ಆಮೇಲೆ ಮತ್ತೊಮ್ಮೆ, ಇನ್ನೊಮ್ಮೆ... ಪ್ರತಿ ಸಲವೂ ಅದೇ ನಗು. ಅವನು ಬರುವ ದಿನ ತಾನು ಕನ್ನಡಿಯ ಮುಂದೆ ತುಸು ಹೆಚ್ಚು ಹೊತ್ತು ನಿಲ್ಲುತ್ತಿದ್ದೇನೆ ಎಂಬುದು ಗುಬ್ಬಿಗೂ ಗೊತ್ತಿತ್ತು. ಒಪ್ಪಿಕೊಳ್ಳಬೇಕಲ್ಲ!

ಫೋನಿನಲ್ಲಿ ಇದನ್ನೆಲ್ಲ ಕೇಳಿದ ಅಕ್ಕ ಮಾತ್ರ ಹುಳಿ ಹಿಂಡಿದಳು. "ಬೇಕಂತಲೇ ಅರ್ಧಂಬರ್ಧ ರಿಪೇರಿ ಮಾಡ್ತಿದ್ದಾನೆ ಕಣೇ. ನಿನಗೆ ಅಷ್ಟೂ ಗೊತ್ತಾಗಲ್ವಾ?"

ಚಿತ್ರಗಳನ್ನು ಪ್ರಕಾಶಕರಿಗೆ ಕಳಿಸಬೇಕಾದ ದಿನವೇ ಪರದೆ ಮತ್ತೆ ನೀಲಿಯಾದಾಗ ಆ ಮಾತು ಅವಳ ತಲೆಗೇರಿತು. ಅವನು ಒಳಗೆ ಕಾಲಿಟ್ಟದ್ದೇ ತಡ, ಸಿಡಿದಳು.

"ಪದೇ ಪದೇ ಬರೋಕೆ ಅಂತಲೇ ಕೆಡಿಸಿಟ್ಟು ಹೋಗ್ತೀರಾ? ನಿಮಗೆ ಚೆಲ್ಲಾಟ, ನನಗೆ ಪ್ರಾಣಸಂಕಟ!"

"ನಾನಾ...?" ಅವನ ಮುಖ ಬಾಡಿತು. ಕೆಲಸ ಮುಗಿಸಿ, ತೆಗೆದ ಪಟ್ಟಿಯನ್ನು ಮೇಜಿನ ಮೇಲಿಟ್ಟ. "ಇನ್ಮೇಲೆ ಬೇರೆ ಯಾರನ್ನಾದ್ರೂ ಕರೆಸ್ಕೊಳ್ಳಿ ಮೇಡಂ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಚಿತ್ರಗಳೇನೋ ಸರಿಯಾಗಿ ಹೋದವು. ಆದರೆ ಗುಬ್ಬಿಗೆ ಊಟ ಸೇರಲಿಲ್ಲ. 'ಇನ್ನು ಬರೋದೇ ಇಲ್ವಾ...?'

ಮಧ್ಯಾಹ್ನ ಕೋಣೆಗೆ ಬಂದವಳು ಬೆಪ್ಪಾಗಿ ನಿಂತಳು. ಅಪ್ಪ ಕಂಪ್ಯೂಟರಿನ ಡಬ್ಬ ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದರು! ಜೀವಮಾನವೆಲ್ಲ ಗಡಿಯಾರ ರಿಪೇರಿ ಮಾಡಿದವರು. ಕಣ್ಣಿಗೆ ಹಳೆಯ ಭೂತಗನ್ನಡಿ, ಕೈಯಲ್ಲಿ ಆ ಪಟ್ಟಿ.

"ಅಪ್ಪಾ! ಏನ್ ಮಾಡ್ತಿದ್ದೀರಾ?"

"ಶ್... ಮೆಲ್ಲಗೆ ಮಾತಾಡು ಗುಬ್ಬಿ. ಹುಡುಗ ಚಿನ್ನದಂಥವನು, ಆದ್ರೆ ವಿಪರೀತ ಮರೆವು. ಬಂದಾಗೆಲ್ಲ ಇದೊಂದನ್ನ ಹೊರಗೇ ಬಿಟ್ಟು ಹೋಗ್ತಾನೆ! ಬಿಚ್ಚಿದ ಸಾಮಾನು ಮಿಕ್ಕಿದ್ರೆ ಕೆಲಸ ಮುಗಿದಿಲ್ಲ ಅಂತಲೇ ಅರ್ಥ. ಪಾಪ, ಅವನ ಹೆಸರು ಕೆಡಬಾರದು ಅಂತ ನಾನೇ ಗುಟ್ಟಾಗಿ ಹಾಕಿಡ್ತಿದ್ದೀನಿ."

ನಗಬೇಕೋ ಅಳಬೇಕೋ ತಿಳಿಯದೆ ಗುಬ್ಬಿ ಆ ಪಟ್ಟಿಯನ್ನು ಕಸಿದುಕೊಂಡು, ಕಾಲಿಗೆ ಸಿಕ್ಕಿದ ಚಪ್ಪಲಿ ಮೆಟ್ಟಿ ಓಡಿದಳು.

ಅಂಗಡಿಯಲ್ಲಿ ಅವನು ಯಾವುದೋ ಕೀಬೋರ್ಡಿನ ಧೂಳು ಒರೆಸುತ್ತಿದ್ದ. ತಲೆ ಎತ್ತಲಿಲ್ಲ.

"ಇದನ್ನ ಮತ್ತೆ ಮತ್ತೆ ಒಳಗೆ ಹಾಕ್ತಿದ್ದಿದ್ದು ನಮ್ಮಪ್ಪ," ಎಂದಳು ಏದುಸಿರು ಬಿಡುತ್ತ. "ನೀವು ಮರೆತು ಹೋಗ್ತೀರಿ ಅಂದ್ಕೊಂಡು... ತಪ್ಪಾಯ್ತು. ತುಂಬಾ ತಪ್ಪಾಯ್ತು ನಂದು."

"ನಿಮ್ಮಪ್ಪನಾ?" ಬಟ್ಟೆ ಅವನ ಕೈಯಿಂದ ಜಾರಿತು. ಅವನ ಕಿವಿ ಕೆಂಪೇರಿತು.

"ಮತ್ತೆ ಒಳಗೆ ಬಂದಿದೆ ಅಂತ ಒಂದು ಸಲಾನೂ ಯಾಕೆ ಹೇಳ್ಲಿಲ್ಲ?"

"ನೀವೇ ಹಾಕ್ತಿದ್ದೀರಿ ಅಂದ್ಕೊಂಡಿದ್ದೆ..."

"ನಾನಾ? ನಾನ್ಯಾಕೆ ಹಾಕ್ಲಿ?"

"ನನ್ನನ್ನ ಕರೆಸೋಕೆ." ಅವನ ದನಿ ಕೇಳಿಸಿತೋ ಇಲ್ಲವೋ ಎನ್ನುವಷ್ಟು ತಗ್ಗಿತ್ತು. "ಖುಷಿಯಾಗ್ತಿತ್ತು. ಕೇಳಿದ್ರೆ ನೀವು ನಾಚ್ಕೊಂಡು ನಿಲ್ಲಿಸಿಬಿಡ್ತೀರೇನೋ ಅಂತ ಭಯ. ನಂದೇ ಹುಚ್ಚು, ಬಿಡಿ."

ಓಹ್! ಆ ನಗು ಅದಕ್ಕಾ...? ಗುಬ್ಬಿಯ ಎದೆ ತುಂಬಿ ಬಂತು.

"ಇದು ಮೊದಲೇ ಗೊತ್ತಿದ್ದಿದ್ರೆ," ಎಂದಳು, "ನಾನೇ ಹಾಕ್ತಿದ್ದೆ."

ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ.

"ನಾಳೆ ಮನೆಗೆ ಬರ್ತೀರಾ?"

"ಯಾಕೆ? ಮತ್ತೆ ನೀಲಿಯಾಯ್ತಾ?"

"ಇಲ್ಲ. ಕಂಪ್ಯೂಟರ್ ಚೆನ್ನಾಗಿದೆ. ನೀವು ಬನ್ನಿ, ಅಷ್ಟೇ."

"ಸಾಮಾನಿನ ಚೀಲ ತರ್ಲಾ?"

"ಬೇಡ. ಬರಿಗೈಯಲ್ಲಿ ಬನ್ನಿ."

"ನಾಳೆವರೆಗೂ ಕಾಯ್ಬೇಕಾ?" ಎನ್ನುತ್ತಲೇ ಅವನು ಹೊರಗೆ ಬಂದು ಅಂಗಡಿಯ ಶಟರ್ ಎಳೆದ.