ಯೊಂಗಾಮ್‌ಗೆ ಹೋಗುವವರಿಗೆ

ಪ್ರಭುದೇವನ ಅಂತ್ಯಕ್ರಿಯೆ ಮುಗಿದ ಮರುತಿಂಗಳು ಅವನ ಹೆಸರಿನಲ್ಲಿ ಹೊಸ ಬರಹವೊಂದು ಪ್ರಕಟವಾಯಿತು.

ಕೋವಿಡ್ ಕೊಂಡೊಯ್ದ ಈ ಎಂಜಿನಿಯರನಿಗೆ ಕಾರ್ ರೇಸಿನ ಹುಚ್ಚಿತ್ತು. ದಕ್ಷಿಣ ಕೊರಿಯಾದ ಹಳ್ಳಿಗಾಡು ಯೊಂಗಾಮ್‌ನಲ್ಲಿ ರೇಸ್ ನೋಡಿ ಬಂದವನು, ಅಲ್ಲಿಗೆ ಹೋಗುವ ಅಭಿಮಾನಿಗಳಿಗಾಗಿ ಜಾಲತಾಣ ನಡೆಸುತ್ತಿದ್ದ. ಈಗ ಅಲ್ಲಿ ಯಾರೋ ಕದ್ದು ನುಗ್ಗಿದ್ದರು.

“ಸತ್ತವರನ್ನೂ ಬಿಡಂಗಿಲ್ಲಲ್ಲ ಚಂದ್ರಕ್ಕಾ! ಯಾರಂತ ನನಗ ಗೊತ್ತಾಗಬೇಕು,” ಎಂದಳು ಅವನ ಹೆಂಡತಿ ಸ್ವಪ್ನಾ.

ಚಂದ್ರಪ್ರಭಾ ಬೆಂಗಳೂರಿನಲ್ಲಿ ಅಪರಾಧ ವರದಿಗಾರ್ತಿಯಾಗಿದ್ದವಳು. ಗೆಳತಿಯ ಕರೆಗೆ, ತಾನೀಗ ನೆಲೆಸಿದ್ದ ಡಚ್ ಊರು ಹಾರ್ಲೆಮ್‌ನಿಂದ ಸ್ವಪ್ನಾ ಇದ್ದ ಆಲ್ಮೆರೆಗೆ ಧಾವಿಸಿದ್ದಳು.

“ಪಾಸ್‌ವರ್ಡ್ ಯಾರ ಹತ್ರ ಇತ್ತು?”

“ಸಾತ್ವಿಕ್ ಹತ್ರ ಅಷ್ಟ. ಇವರ ದೋಸ್ತ.”

ಒಳಕೋಣೆಯಲ್ಲಿ ಸ್ವಪ್ನಾಳ ಮಾವ ಶೇಖರಪ್ಪ ಕೆಮ್ಮಿದರು. ಮಗನನ್ನು ನೋಡಲು ಧಾರವಾಡದಿಂದ ಬಂದವರು, ವಿಮಾನ ನಿಂತು ಇಲ್ಲೇ ಉಳಿದಿದ್ದರು. ಹೃದ್ರೋಗಿ ಹೆಂಡತಿ ಗೌರಾಬಾಯಿ ಊರಿನಲ್ಲಿ ಮಗಳ ಜೊತೆಗಿದ್ದರು.

“ನಿಮ್ಮತ್ತೆ ಹೇಗಿದಾರೆ?”

“ಸುದ್ದಿ ಮಾವಾರ ಹೇಳ್ಯಾರ. ಸದ್ಯ ಆಕಿನ್ನ ಮಾತಾಡ್ಸಬ್ಯಾಡ ಅಂದ್ರು.”

*

ತನ್ನೂರು ಕಾಪೆಲ್ಲೆಯ ಉದ್ಯಾನದಲ್ಲಿ ಸಾತ್ವಿಕ್ ಚಂದ್ರಪ್ರಭಾಳಿಂದ ದೂರದ ಬೆಂಚಿನಲ್ಲಿ ಕುಳಿತ.

“ನಾನಾ? ನನ್ನ ಹೆಸರಲ್ಲಿ ಬರೆದ್ರೇ ಯಾರೂ ಓದಲ್ಲ ಮೇಡಂ!” ನಗಲು ಹೋದವನ ಕಣ್ಣು ತುಂಬಿತು. “ಆ ಪೋಸ್ಟ್ ಬಂದ ದಿನ ನಾನು ಆಸ್ಪತ್ರೇಲಿ, ಆಕ್ಸಿಜನ್ ಮೇಲಿದ್ದೆ.”

ಅವನು ತೋರಿಸಿದ ಆಸ್ಪತ್ರೆಯ ಚೀಟಿಯಲ್ಲಿ ಅದೇ ತಾರೀಕಿತ್ತು.

ಹಿಂದಿರುಗುವ ರೈಲಿನಲ್ಲಿ ಚಂದ್ರಪ್ರಭಾ ಎಲ್ಲ ಬರಹಗಳನ್ನೂ ಓದಿದಳು. ಪ್ರಭುದೇವ ಬರೆದದ್ದು ಒಂದೇ ವಿಷಯ: ಯಾವ ತಿರುವಿನಲ್ಲಿ ನಿಂತರೆ ಕಾರುಗಳು ಹತ್ತಿರದಿಂದ ಕಾಣುತ್ತವೆ. ಹೊಸ ಬರಹದಲ್ಲಿ ಕಾರೇ ಇರಲಿಲ್ಲ.

‘ಹೋಟೆಲುಗಳಲ್ಲಿ ನೆಲದ ಮೇಲೆ ಕೂರಿಸುತ್ತಾರೆ. ಗೋಡೆಗೆ ಒರಗುವ ಜಾಗ ಕೇಳಿ. ಗ್ಯಾಲರಿಯ ಕೆಳಸಾಲೇ ವಾಸಿ. ರಾತ್ರಿ ಮಲಗುವ ನೆಲ ಬೆಚ್ಚಗಿರುತ್ತದೆ. ಬೆಳಗ್ಗೆ ಏಳುವುದು ಸಲೀಸು.’

*

“ಪ್ರಭು ಜೊತೆ ಕೊರಿಯಾಕ್ಕೆ ಯಾರು ಹೋಗಿದ್ರು?” ಆಲ್ಮೆರೆಗೆ ಮರಳಿದ ಚಂದ್ರಪ್ರಭಾ ಕೇಳಿದಳು.

“ನಮ್ಮ ಮದುವಿಗಿಂತ ಮೊದಲಿನ ಮಾತದು. ಮಾವಾರು…” ಸ್ವಪ್ನಾ ಅರ್ಧಕ್ಕೇ ನಿಲ್ಲಿಸಿದಳು.

“ರೇಸ್ ಹುಚ್ಚಿರೋ ಹುಡುಗ ಒರಗೋಕೆ ಗೋಡೆ ಹುಡುಕಲ್ಲ, ಸ್ವಪ್ನಾ. ಮಂಡಿನೋವಿರೋರು ಹುಡುಕ್ತಾರೆ. ಪ್ರಭು ಲ್ಯಾಪ್‌ಟಾಪಲ್ಲಿ ಆ ಸೈಟು ತೆರೆದೇ ಇದ್ದಿರಬೇಕು. ಪಾಸ್‌ವರ್ಡ್ ಬೇಕಾಗಿರ್ಲಿಲ್ಲ. ಅಲ್ವಾ ಅಂಕಲ್?”

ಬಾಗಿಲಲ್ಲಿ ನಿಂತಿದ್ದ ಶೇಖರಪ್ಪ ಮಂಡಿ ಹಿಡಿದುಕೊಂಡು ಮೆಲ್ಲನೆ ಕುರ್ಚಿಯಲ್ಲಿ ಕುಳಿತರು.

“ಹೌದವಾ, ನಾನ ಬರದೆ.”

“ಯಾಕ ಮಾವಾರ?”

“ನಿಮ್ಮತ್ತಿಗೆ ನಾ ಹೇಳೇ ಇಲ್ಲ. ಫೋನ್ ಹಚ್ಚಿ, ಊಟಾತೇನ ಅಂತ ಕೇಳಿ ಇಟ್ಟುಬಿಟ್ಟೆ. ಮಗಳಿಗೂ ಬಾಯಿ ಬಿಡಬ್ಯಾಡ ಅಂದೀನಿ. ನಿಮ್ಮತ್ತಿ ದಿನಾ ಆ ಸೈಟ್ ತಗದು ನೋಡತಾಳ. ಹೊಸಾದು ಬಂದಿತ್ತಂದ್ರ ಮಗಾ ಅದಾನ ಅಂತ ತಿಳಕೋತಾಳ. ಇನ್ನ ನೀನ ಹೇಳವಾ. ನನ್ನ ಕಡಿಂದ ಆಗಂಗಿಲ್ಲ.”

ಸ್ವಪ್ನಾಳ ಸಿಟ್ಟು ಕರಗಿತು. ಚಂದ್ರಪ್ರಭಾಳ ಕೈ ಹಿಡಿದು ಅಡುಗೆಮನೆಗೆ ಹೋದಳು. ಕದವಿಕ್ಕಿ, ಸ್ಪೀಕರ್ ಹಾಕಿ ಕರೆ ಮಾಡಿದಳು.

“ಅತ್ತೀ… ಒಂದು ಮಾತು…”

“ಗೊತ್ತೈತೆವಾ,” ಎಂದರು ಗೌರಾಬಾಯಿ. “ಅವತ್ತು ಇವರ ದನಿ ಕೇಳಿದಾಗ ತಿಳೀತು.”

“ಮತ್ತ ಸುಮ್ನ ಯಾಕಿದ್ರಿ?”

“ಆ ಸೈಟಿನಾಗ ನನ್ನ ಸಲುವಾಗಿ ಇವರು ಬರೀತಾರಲ್ಲ. ಅದನ್ನ ಬಿಟ್ರ ಊಟಾನೂ ಬಿಟ್ಟಾರು. ಅವರು ಬರೀಲಿ, ನಾ ಓದತೀನಿ. ನೀ ಏನೂ ಅನಬ್ಯಾಡ.”

ಚಂದ್ರಪ್ರಭಾ ಮುಖ ತಿರುಗಿಸಿಕೊಂಡಳು. ಅಪರಾಧಿ ಸಿಕ್ಕಿದ್ದ ಮನೆಯಲ್ಲಿ ಅವಳಿಗಿನ್ನು ಕೆಲಸವಿರಲಿಲ್ಲ.

ಹೊರಗೆ ಶೇಖರಪ್ಪ ಕಾದಿದ್ದರು. “ಹೇಳಿದೇನವಾ?”

“ಫೋನ್ ಹತ್ತಲಿಲ್ಲ, ಮಾವಾರ.” ಸ್ವಪ್ನಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ಅವರ ಮುಂದಿಟ್ಟಳು. “ಯೊಂಗಾಮ್‌ನಾಗ ಬಸ್ ಎಲ್ಲಿ ಸಿಗತೈತಿ ಅಂತ ನೀವಿನ್ನೂ ಬರದ ಇಲ್ಲ.”