ಮಣ್ಣಿನ ಪಾಲಿನ ರೊಟ್ಟಿ

ಹಿಂದೆ, ಮಣ್ಣಿಗೂ ಬಾಯಿದ್ದ ಕಾಲದಲ್ಲಿ, ಕರಿನೆಲ ಎಂಬ ರಾಜ್ಯವಿತ್ತು. ಅಲ್ಲಿ ಸುಗ್ಗಿಯಾದರೆ ಮೊದಲ ತುತ್ತು ಮಣ್ಣಿಗೆ. ರೊಟ್ಟಿ ಮುರಿದು ಹೊಲದ ತುಂಬ ಚರಗ ಚೆಲ್ಲಿ, ಆಮೇಲೆ ಜನ ಉಣ್ಣುತ್ತಿದ್ದರು. ಬರಬರುತ್ತ ಜನ ಹೆಚ್ಚಿದರು. ಮನೆಗೆ ಹತ್ತು ಬಾಯಿ ಇದ್ದದ್ದು ಇಪ್ಪತ್ತಾಯಿತು, ಹೊಲ ಮಾತ್ರ ಅಷ್ಟೇ ಉಳಿಯಿತು.

ಆಗ ಬೂದಿಗಣ್ಣ ಎಂಬ ಮಾಂತ್ರಿಕ ಬಂದ. "ವರ್ಷಕ್ಕೆ ಮೂರು ಬೆಳೆ ಕೊಡುವ ಬೀಜ ಕೊಡುತ್ತೇನೆ. ಚರಗ, ಸೆಗಣಿ, ಸೊಪ್ಪು, ಒಂದನ್ನೂ ಮಣ್ಣಿಗೆ ಹಾಕಬೇಡಿ. ಅದರ ಪಾಲು ನನಗೆ ಕೊಡಿ" ಎಂದ.

"ಉಣ್ಣೋ ಬಾಯಿಗೇ ಇಲ್ಲ, ಮಣ್ಣಿಗೆಲ್ಲಿಂದ ತರೋದು?" ಎಂದು ಎಲ್ಲರಿಗಿಂತ ಮೊದಲು ಬೀಜಕ್ಕೆ ಸೆರಗೊಡ್ಡಿದವಳು ತಿಪ್ಪವ್ವ ಎಂಬ ರೈತ ಹೆಂಗಸು. ಮನೆಯಲ್ಲಿ ಹಸಿದ ಮಗಳಿದ್ದಳಲ್ಲ, ಕೆಂಚಿ!

ಎರಡು ವರ್ಷ ಕಣಜ ತುಂಬಿದವು. ಮೂರನೆಯ ವರ್ಷ ತೆನೆಯೊಳಗೆ ಬರೀ ಜೊಳ್ಳು. ಮಣ್ಣು ಬೆಳ್ಳಗಾಗಿ, ಬಿರಿದು, ಬಾಯಿ ತೆರೆಯಿತು. "ಹಸಿವು" ಎಂದು ಕೂಗಿ ಎತ್ತುಗಳನ್ನು ನುಂಗಿತು. ಆಮೇಲೆ ಕೊಟ್ಟಿಗೆಗಳನ್ನು ನುಂಗಿತು.

"ಒಂದು ಕೂಸು ಕೊಡಿ, ಸುಮ್ಮನಾಗುತ್ತದೆ" ಎಂದ ಮಾಂತ್ರಿಕ. ಅವನ ಬಾಯಿಗೆ ಮಣ್ಣು ಬೀಳ! ರಾಜ ಚೀಟಿ ಎತ್ತಿಸಿದ. ಬಂದದ್ದು ಕೆಂಚಿಯ ಹೆಸರು.

ತಿಪ್ಪವ್ವ ರಾಜನ ಕಾಲಿಗೆ ಬಿದ್ದು ಮೂರು ದಿನದ ಗಡುವು ಬೇಡಿದಳು.

ಮೊದಲ ದಿನ ಅಡವಿಗೆ ಹೋದಳು. ಕಾಡುಕೋಣಗಳ ಕೊಂಬಿನ ನಡುವೆ ನುಸುಳಿ ಒಂದು ಪುಟ್ಟಿ ಸೆಗಣಿ ತಂದು ಬಿರುಕಿಗೆ ಸುರಿದಳು. "ಸಾಲದು" ಎಂದಿತು ಮಣ್ಣು.

ಎರಡನೆಯ ದಿನ ಬತ್ತಿದ ಕೆರೆಗಿಳಿದಳು. ಅಲ್ಲಿದ್ದ ಬೆಂಕಿಹೆಡೆಯ ಹಾವು ಅವಳ ಎಡಗೈ ಸುಟ್ಟಿತು. ಬಲಗೈಯಲ್ಲೇ ಬಗೆದು ಹೂಳು ತಂದು ಸುರಿದಳು. "ಸಾಲದು" ಎಂದಿತು ಮಣ್ಣು.

ಮೂರನೆಯ ದಿನ ಮನೆಯಲ್ಲಿದ್ದದ್ದು ಜೊಳ್ಳು ಕೇರಿ ಹೆಕ್ಕಿದ ಕಾಳಿನ ಒಂದೇ ರೊಟ್ಟಿ. ಕೆಂಚಿ ಎರಡು ದಿನದಿಂದ ಉಂಡಿರಲಿಲ್ಲ.

"ಅವ್ವಾ, ಅದು ನಂದಲ್ವಾ?"

"ಮಣ್ಣಿಂದು ಮಗಾ. ನಾನೇ ಕದ್ದಿದ್ದೆ" ಎಂದಳು ತಿಪ್ಪವ್ವ. ಅಳುತ್ತಲೇ ರೊಟ್ಟಿ ಮುರಿದು ಚರಗ ಚೆಲ್ಲಿದಳು.

ಮಣ್ಣು ಬಹಳ ಹೊತ್ತು ಅಗಿಯಿತು. "ಇದು ನನ್ನ ತುತ್ತು. ಉಳಿದದ್ದೆಲ್ಲಿ?" ಎಂದು ಕೇಳಿತು. ಕೂಸನ್ನು ಎಳೆದೊಯ್ಯಲು ಮಾಂತ್ರಿಕ ಬದುವಿನ ಮೇಲೆ ಬಂದು ನಿಂತಿದ್ದ. ಇಷ್ಟು ದಿನ ಮಣ್ಣಿನ ಪಾಲು ತಿಂದು ಕಣಜದ ಹಾಗೆ ಊದಿದ್ದ. ತಿಪ್ಪವ್ವ ಸುಟ್ಟ ಕೈ ಎತ್ತಿ ಅವನನ್ನು ತೋರಿಸಿದಳು. ಅರಚುವುದಕ್ಕೂ ಬಿಡದೆ ಮಣ್ಣು ಅವನನ್ನು ನುಂಗಿ ಬಾಯಿ ಮುಚ್ಚಿತು.

ಅಂದೇ ಎಲ್ಲ ಸರಿಹೋಯಿತು ಅಂದರೆ ಸುಳ್ಳಾಗುತ್ತದೆ. ಆ ವರ್ಷ ಜನ ಗೆಡ್ಡೆ ಅಗೆದು ತಿಂದರು, ಮುದುಕರು ಬಹಳ ಮಂದಿ ಸತ್ತರು. ಮಾಂತ್ರಿಕನ ಉಗ್ರಾಣದಲ್ಲಿ ಹಳೆಯ ಬೀಜ ಸಿಕ್ಕಿತು. ರಾಜನೂ ಗೊಬ್ಬರದ ಪುಟ್ಟಿ ಹೊತ್ತ. ಜೋಳದ ನಡುವೆ ತೊಗರಿಯ ಸಾಲು ಹಾಕಿದರು, ದಣಿದ ಹೊಲಕ್ಕೆ ಸರದಿಯಂತೆ ಬಿಡುವು ಕೊಟ್ಟರು. ನಿಧಾನಕ್ಕೆ ಮಣ್ಣು ಕಪ್ಪಾಯಿತು. ಹೊಟ್ಟೆಗಳು ತುಂಬಿದವು, ತೊಟ್ಟಿಲುಗಳೂ ತುಂಬಿದವು.

ಕೆಂಚಿ ಬದುಕಿ ಐದು ಮಕ್ಕಳ ತಾಯಾದಳು. ಎಲ್ಲರೂ ಸುಖವಾಗಿದ್ದರು. ಆದರೆ ಸುಗ್ಗಿಯ ಮೊದಲ ರೊಟ್ಟಿಗೆ ಯಾವ ಮಗು ಕೈಚಾಚಿದರೂ ಅವಳು ಆ ಕೈ ಹಿಡಿದು ಹೇಳುತ್ತಿದ್ದಳು: "ತಡಿ ಮಗಾ. ಅದು ನಂದೂ ಅಲ್ಲ, ನಿಂದೂ ಅಲ್ಲ."