ಕರಿ ಒಂದು, ಕರಿ ನಾಲ್ಕು

ಮೂವತ್ತು ದಾಟಿದ ಮೇಲೆ ಹಾಡು ಕಲಿಯಲು ಹೊರಟವಳನ್ನು ಹುಕ್ಕೇರಿಯಲ್ಲಿ ಯಾರೂ ಸುಮ್ಮನೆ ಬಿಡುವುದಿಲ್ಲ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಚಹಾ ಬಂದಾಗಲೆಲ್ಲ ಯಾರಾದರೊಬ್ಬರು ವಿಜ್ಞಾನದ ದೀಪಾ ಮೇಡಂ ಟಿವಿಯಲ್ಲಿ ಯಾವಾಗ ಬರುತ್ತಾರೆಂದು ಕೇಳುತ್ತಿದ್ದರು. ನಾನು ನಗುತ್ತಿದ್ದೆ. ನನ್ನ ಸಾ ಹಾರ್ಮೋನಿಯಂನ ಸಾ ಜೊತೆ ಬೆರೆತು, ಯಾವುದು ಯಾವುದೆಂದು ತಿಳಿಯದಂತಾದ ದಿನ ನನಗಾದ ಖುಷಿ ಅವರಿಗೇನು ಗೊತ್ತು?

ವಾರಕ್ಕೆರಡು ಸಂಜೆ ಸಂಕೇಶ್ವರದಲ್ಲಿ, ಸಾವಿತ್ರವ್ವ ಟೀಚರ್ ಮನೆಯ ಮಾಳಿಗೆಯ ಮೇಲೆ ಕ್ಲಾಸು. ನಾನು ತಲುಪುವ ಹೊತ್ತಿಗೆ ಕಿಶೋರನ ಪಾಠ ಮುಗಿಯುತ್ತ ಬಂದಿರುತ್ತಿತ್ತು. ಬಸ್ ಸ್ಟ್ಯಾಂಡಿನ ಎದುರು ಮೆಡಿಕಲ್ ಶಾಪ್ ಇಟ್ಟವನು ಅವನು. ಕಣ್ಣು ಮುಚ್ಚಿ ಹಾಡುತ್ತಿದ್ದ, ಹಾಗಾಗಿ ನಾನು ಕಣ್ತುಂಬ ನೋಡಬಹುದಿತ್ತು. ತಾನು ತಪ್ಪಿದಾಗ ಕೆಳದುಟಿ ಕಚ್ಚುತ್ತಿದ್ದ. ಸ್ವರ ಸರಿಯಾಗಿ ಕೂತಾಗ ಎಡಗೈ ತಾನಾಗಿಯೇ ತೊಡೆಯಿಂದ ಮೇಲೇಳುತ್ತಿತ್ತು.

"ಬರ್ರಿ ಮೇಡಂ, ಚಾಪಿ ಬೆಚ್ಚಗ ಮಾಡಿ ಇಟ್ಟೇನಿ," ಎನ್ನುತ್ತ ಏಳುತ್ತಿದ್ದ.

ನಮ್ಮ ಮಾತು ಅಷ್ಟೇ. ಅಷ್ಟನ್ನೇ ಹಿಡಿದುಕೊಂಡು ನಾನು ಮುಂದಿನ ಕ್ಲಾಸಿನವರೆಗೆ ದಿನ ದೂಡುತ್ತಿದ್ದೆ.

ಹಾಡುವವರಿಗೆಲ್ಲ ಹಾರ್ಮೋನಿಯಂ ಮೇಲೆ ತಮ್ಮದೊಂದು ಮನೆ, ಅಂದರೆ ಒಂದು ಕೀ, ಇರುತ್ತದೆ, ಅವರ ಸಾ ಅಲ್ಲಿಂದ ಶುರು. ಕಿಶೋರನದು ಮೊದಲನೆಯ ಕರಿ ಮನೆ, ನನ್ನದು ನಾಲ್ಕನೆಯದು. ಟೀಚರ್ ಮೊದಲ ದಿನವೇ ಅದನ್ನು ಗೊತ್ತುಮಾಡಿದ್ದರು. ಕ್ಲಾಸಿನಲ್ಲಿ ಕರಿ ನಾಲ್ಕಕ್ಕೇ ಹಾಡುತ್ತಿದ್ದೆ. ಮನೆಯಲ್ಲಿ ಮಾತ್ರ ಮೊಬೈಲಿನ ತಂಬೂರಿಯನ್ನು ಕರಿ ಒಂದಕ್ಕೆ ಇಟ್ಟುಕೊಳ್ಳುತ್ತಿದ್ದೆ. ಆ ನಾದ ಶುರುವಾದರೆ ಸಾಕು, ಕಿಶೋರ ನಮ್ಮ ಅಡುಗೆಮನೆಯಲ್ಲೇ ಕೂತಂತೆ ಅನಿಸುತ್ತಿತ್ತು. ಅವ್ವ ರೊಟ್ಟಿ ಬಡಿಯುತ್ತಿದ್ದರೆ ನಾನು ಅವನ ಸಾ ಹಿಡಿದು ಮೇಲೇರುತ್ತಿದ್ದೆ. ನನ್ನ ದನಿಗೆ ಅದು ತೀರಾ ಎತ್ತರ. ಮೇಲಿನ ಸಾ ಮುಟ್ಟುವಾಗ ಗಂಟಲು ಹರಿದಂತಾಗುತ್ತಿತ್ತು. ಆದರೂ ಬಿಡುತ್ತಿರಲಿಲ್ಲ.

ದೀಪಾವಳಿಯ ಹೊತ್ತಿಗೆ ದನಿ ಒಡೆಯಿತು. ಕಿಶೋರನ ಅಂಗಡಿಯಲ್ಲೇ ಗುಳಿಗೆ ಕೊಂಡೆ. ಬಿಸಿನೀರು ಕುಡಿಯಿರಿ, ಸಾಲಿಯಲ್ಲಿ ಹುಡುಗರ ಮೇಲೆ ಕೂಗಾಡಬೇಡಿ ಎಂದು ಕಳಕಳಿಯಿಂದ ಹೇಳಿದ. ರೋಗ ಕೊಟ್ಟವನೇ ಔಷಧಿಯನ್ನೂ ಕೊಡುತ್ತಿದ್ದಾನಲ್ಲ ಎಂದು ಒಳಗೊಳಗೇ ನಗು ಬಂತು.

ಮುಂದಿನ ಕ್ಲಾಸಿನಲ್ಲಿ ಟೀಚರ್ ನನ್ನಿಂದ ಬರೀ ಸಾ ಹಾಡಿಸಿದರು. ಎಷ್ಟು ಸಲ ತಿದ್ದಿದರೂ ದನಿ ಮೇಲೆಯೇ ಹೋಗಿ ನಿಲ್ಲುತ್ತಿತ್ತು. ಕಿಶೋರ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದ.

"ಮನ್ಯಾಗ ಯಾವ ಮನಿಗೆ ಹಾಡ್ತಿ?" ಟೀಚರ್ ಕೇಳಿದರು.

ಅವರ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ. "ಕರಿ ಒಂದಕ್ರಿ."

ಆ ಕ್ಲಾಸಿನಲ್ಲಿ ಕರಿ ಒಂದಕ್ಕೆ ಹಾಡುವವನು ಒಬ್ಬನೇ. ಬಾಗಿಲ ಬಳಿಯ ಚಪ್ಪಲಿ ಸದ್ದು ನಿಂತಿತು. ನನ್ನ ಕಿವಿಗಳು ಬಿಸಿಯಾದವು. ಟೀಚರ್ ಬೈಯಲಿಲ್ಲ. ಇದನ್ನು ಬಿಡದಿದ್ದರೆ ಇರುವ ದನಿಯೂ ಹೋಗುತ್ತದೆ ಎಂದಷ್ಟೇ ಮೆಲ್ಲಗೆ ಹೇಳಿದರು.

ಮನೆಗೆ ಬಂದು ತಂಬೂರಿಯನ್ನು ಕರಿ ನಾಲ್ಕಕ್ಕೆ ತಿರುಗಿಸಿದೆ. ದನಿ ಸಲೀಸಾಗಿ ಬಂತು, ಆದರೆ ಮನೆಯಲ್ಲಿ ಯಾರೂ ಇಲ್ಲದಂತಾಯಿತು. ಈಗ ಚಂದ ಹಾಡುತ್ತೀ ಎಂದಳು ಅವ್ವ. ನನಗೆ ಅಳು ಬಂತು. ಒಂದು ಕ್ಲಾಸು ತಪ್ಪಿಸಿದೆ, ಇನ್ನೊಂದನ್ನೂ ತಪ್ಪಿಸಿದೆ. ಅವನ ಮುಖ ನೋಡುವ ಧೈರ್ಯವಿರಲಿಲ್ಲ, ನೋಡದೆ ಇರುವ ತಾಕತ್ತೂ ಇರಲಿಲ್ಲ. ಕೊನೆಗೆ ಹಾಡನ್ನೇ ಬಿಡುವುದಾಗಿ ಟೀಚರ್‌ಗೆ ತಿಳಿಸಿಬಿಡೋಣವೆಂದು ಸಂಕೇಶ್ವರದ ಬಸ್ಸು ಹತ್ತಿದೆ.

ಬಸ್ಸಿಳಿದು ತಲೆ ತಗ್ಗಿಸಿ ಅವನ ಅಂಗಡಿ ದಾಟುತ್ತಿದ್ದೆ. ಕಿಶೋರ ಕೌಂಟರಿನ ಹಲಗೆ ಎತ್ತಿ ಓಡಿ ಬಂದ. ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕೈಗಿಟ್ಟು, ಇನ್ನೊಂದನ್ನು ತನ್ನ ಕಿವಿಗೆ ಸಿಕ್ಕಿಸಿಕೊಂಡ. ಕಿವಿಗಿಟ್ಟು ಕೇಳಿದರೆ ಅವನದೇ ತಂಬೂರಿ, ಕರಿ ಒಂದು. ತೆಗೆದು ಕೊಡಲು ಹೋದೆ.

"ಟೀಚರ್ ಬ್ಯಾಡ ಅಂದಾರ್ರಿ."

"ನನ್ನ ಸಾ ಬಿಡ್ರಿ. ಮೊದಲನೇ ತಂತಿ ಕೇಳ್ರಿ, ಅದು ನನ್ನ ಪಂಚಮ. ಅದಕ್ಕ ನಿಮ್ಮ ಸಾ ಹಚ್ಚಿ ನೋಡ್ರಿ."

ತುಟಿಯೊಳಗೇ ಹಾಡಿದೆ. ಗಂಟಲು ಎಲ್ಲಿಯೂ ಬಿಗಿಯಲಿಲ್ಲ. ಅವನ ಸಾದಿಂದ ಸಾ ರಿ ಗ ಮ ಪ ಎಂದು ಹತ್ತಿ ಪಂಚಮಕ್ಕೆ ಬಂದರೆ ಸಿಗುವುದು ನನ್ನ ಕರಿ ನಾಲ್ಕೇ. ಅವನ ತಂಬೂರಿ ಹಚ್ಚಿಕೊಂಡು ತಿಂಗಳುಗಟ್ಟಲೆ ಕೂತವಳಿಗೆ, ನನ್ನ ಸ್ವರ ಅದರೊಳಗೇ ನುಡಿಯುತ್ತಿದ್ದದ್ದು ಕೇಳಿಸಿರಲೇ ಇಲ್ಲ.

"ನಾನು ಹಾಡೂ ಮುಂದ ಆ ತಂತೀನ ಕೇಳ್ತಿರ್ತೇನ್ರಿ," ಅವನು ನೆಲ ನೋಡುತ್ತ ಹೇಳಿದ. "ನೀವು ಬರೂತನಕ ಅದೇ ನೀವು ಅಂತ ತಿಳ್ಕೊಂಡು. ಬಾಯಿ ಬಿಟ್ಟು ಹೇಳಾಕ ಆಗಿರಲಿಲ್ಲ."

ನನ್ನ ಕಣ್ಣುಗಳು ತುಂಬಿದವು. ಯಾಕೆ ಬಂದಿದ್ದೆ ಎನ್ನುವುದನ್ನು ಅವನಿಗೆ ಹೇಳಲಿಲ್ಲ.

"ನಡೀರಿ," ಎಂದೆ. "ಇಬ್ಬರಿಗೂ ಒಂದ ತಂಬೂರಿ ಸಾಕು ಅಂತ ಟೀಚರ್‌ಗೆ ಹೇಳೂಣು."

ಅಂಗಡಿಯನ್ನು ತೆರೆದೇ ಬಿಟ್ಟು ಅವನು ಹೊರಟ. ಇಯರ್‌ಫೋನಿನ ವಾಯರು ಗಿಡ್ಡದಿತ್ತು, ಹಾಗಾಗಿ ದಾರಿಯುದ್ದಕ್ಕೂ ಹತ್ತಿರ ಹತ್ತಿರವೇ ನಡೆಯಬೇಕಾಯಿತು.